ಹೊಂಗೆ ನೆರಳಿನ ಮನುಷ್ಯ

ಅಕ್ಕೂರಿನ ದೊಡ್ಡಲಕ್ಷ್ಮಮ್ಮ ತುಂಬಿದ ಹಳ್ಳಕ್ಕೆ ಇಳಿದು ಆಟೋ ಡ್ರೈವರನ್ನು ಎಳೆದು ತಂದ ಕತೆ ಆ ಸುತ್ತಿನಲ್ಲಿ ಕೇಳದವರಿಲ್ಲ. ಯಾರಾದರೂ ಕೇಳದವರು ಸಿಕ್ಕಿದರೆ ದೊಡ್ಡಲಕ್ಷ್ಮಮ್ಮ ಅವರನ್ನು ಹಾಗೇ ಬಿಟ್ಟು ಕಳಿಸುವವಳೂ ಅಲ್ಲ. ಡೈರಿಯಲ್ಲಿ ಹಾಲು ಹಾಕುವಾಗ, ಚನ್ನಪಟ್ಟಣದ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಹೊಸಬರು ಬಂದಾಗ, ಬೀಗರ ಮನೆಯಲ್ಲಿ ಎಲೆ ಹಾಕುವುದು ಒಸಿ ತಡವಾದಾಗ, ಎಲ್ಲಾದರೂ ಸರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರು ಮಾಡುತ್ತಿದ್ದಳು.

ನಡೆದದ್ದು ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ. ಹಿಂದಿನ ದಿನವೆಲ್ಲ ಸುರಿದ ಮಳೆಗೆ ಊರ ಮುಂದಿನ ಹಳ್ಳ ತುಂಬಿ ತಗ್ಗು ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ದೊಡ್ಡಲಕ್ಷ್ಮಮ್ಮನೂ ಅವಳ ಗಂಡ ಮುನಿಶಾಮಯ್ಯನೂ ಈಚೆ ದಡದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. ಬದುವಿನಲ್ಲಿ ಹಸು ಮೇಯುತ್ತಿತ್ತು. ಆಚೆ ಊರುಗಳಿಂದ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟಿದ್ದ ಚನ್ನಪಟ್ಟಣದ ಸಾಬೀರ್, ನೀರು ಕಡಿಮೆಯೇ ಇದೆ ಅಂದುಕೊಂಡು ಲಗೇಜ್ ಆಟೋವನ್ನು ಸೇತುವೆಗೆ ಇಳಿಸಿಬಿಟ್ಟ. ಗೂಡು ತುಂಬಿದ ಗಾಡಿಗೆ ಭಾರ ಎಲ್ಲಿಂದ ಬರಬೇಕು? ನೀರು ಅದನ್ನು ಎತ್ತಿಕೊಂಡು ಹೋಗಿ ಸೇತುವೆಯ ಅಂಚಿನ ಕಲ್ಲಿಗೆ ಒರಗಿಸಿತು. ಸಾಬೀರ್ ಗಾಡಿಯ ಮೇಲೆ ಹತ್ತಿ ಕೂತು ಕೂಗಿಕೊಂಡ.

ದೊಡ್ಡಲಕ್ಷ್ಮಮ್ಮ ಹಿಂದೆ ಮುಂದೆ ನೋಡಲಿಲ್ಲ. ಹಸುವಿಗೆ ಕಟ್ಟಿದ್ದ ಉದ್ದನೆಯ ನೈಲಾನ್ ಹಗ್ಗ ಬಿಚ್ಚಿದಳು, ಒಂದು ತುದಿಯನ್ನು ದಡದ ಹೊಂಗೆ ಮರಕ್ಕೆ ಸುತ್ತಿ ಗಂಟು ಹಾಕಿದಳು, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು ನೀರಿಗೆ ಇಳಿದೇಬಿಟ್ಟಳು. ಅವಳಿಗೆ ಈಜು ಬರುತ್ತಿರಲಿಲ್ಲ. ಆದರೂ ಸಾಬೀರನ ಕೈ ಹಿಡಿದು, ಹಗ್ಗದ ಜಾಡಿನಲ್ಲೇ ಒಂದೊಂದೇ ಹೆಜ್ಜೆ ಇಟ್ಟು ಅವನನ್ನು ದಡ ಹತ್ತಿಸಿದಳು. ಅಷ್ಟರಲ್ಲಿ ಊರೇ ಬಂದು ಸೇರಿತು. ಒಬ್ಬರು ಕಂಬಳಿ ಹೊದಿಸಿದರು, ಒಬ್ಬರು ಕಾಫಿ ತಂದರು.

ಕತೆ ಇಲ್ಲಿಗೆ ಬಂದಾಗ ದೊಡ್ಡಲಕ್ಷ್ಮಮ್ಮ ಸ್ವಲ್ಪ ನಿಲ್ಲಿಸುತ್ತಿದ್ದಳು.

"ನಾನು ಎದೆಮಟ್ಟ ನೀರಿಂದ ಎದ್ದು ಬಂದು ಸುತ್ತ ನೋಡ್ತೀನಿ, ಊರೋರೆಲ್ಲ ಅವ್ರೆ. ನಮ್ಮೆಜಮಾನ್ರು ಮಾತ್ರ ಇಲ್ಲ. ಎಲ್ಲೋದ್ರಪ್ಪ ಅಂದ್ರೆ, ಹಗ್ಗ ಬಿಚ್ಚಿದ ಹಸ ಯಾರ್ದೋ ರಾಗಿ ಹೊಲಕ್ಕೆ ನುಗ್ಬುಟ್ಟೈತೆ, ಅದ ಹುಡುಕ್ಕಂಡು ಹೋಗವ್ರೆ! ಹೆಂಡ್ತಿ ಹಳ್ಳದಲ್ಲಿ, ಗಂಡ ಹಸದ ಹಿಂದೆ!"

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡೈರಿ ಸೆಕ್ರೆಟರಿ ಜಯಕುಮಾರನಂತೂ ನೂರು ಸಲ ಕೇಳಿದ್ದರೂ ಈ ಜಾಗಕ್ಕೆ ಕಾದು ನಗುತ್ತಿದ್ದ. ಮುನಿಶಾಮಯ್ಯ ಪಕ್ಕದಲ್ಲೇ ಇದ್ದರೆ ಅವನೂ ಮೀಸೆಯಡಿ ನಕ್ಕು, ಹಾಲಿನ ಕ್ಯಾನ್ ಎತ್ತಿಕೊಂಡು ಮುಂದಕ್ಕೆ ಹೋಗುತ್ತಿದ್ದ. ಸಣಕಲು ಆಳು, ಮಾತು ಕಡಿಮೆ. ಒಂದು ದಿನಕ್ಕೆ ಇಷ್ಟೇ ಮಾತು ಅಂತ ಯಾರೋ ಅಳೆದುಕೊಟ್ಟ ಹಾಗೆ ಬದುಕಿದ್ದವನು.

ಸಾಬೀರ್ ಆ ಮನೆಗೆ ಮಗನ ಹಾಗೆ ಆಗಿಹೋದ. ರಂಜಾನ್ ಬಂದರೆ ಶೀರ್‌ಖುರ್ಮಾ ಪಾಯಸ ತರುತ್ತಿದ್ದ, ಯುಗಾದಿಗೆ ಬಂದು ಒಬ್ಬಟ್ಟು ತಿಂದು ಹೋಗುತ್ತಿದ್ದ. ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ಬಂದವನು ಕೂರುವ ಮೊದಲೇ ಸುದ್ದಿ ಹೇಳಿದ.

"ಅಮ್ಮ, ನಮ್ಮ ಚಿಕ್ಕಪ್ಪನ ಮಗ ಹಬೀಬ್ ನಿಮ್ಮ ಚಿತ್ರ ಬರ್ದಿದ್ದಾನೆ. ಅವತ್ತಿಂದು. ಹಳ್ಳದ್ದು."

"ಯಾರ್ಲಾ ಅವ್ನು? ಅವ್ನಿಗೇನು ಗೊತ್ತು?"

"ಅವತ್ತು ಬೊಂಬೆ ಮಾಡೋಕೆ ಮರ ನೋಡ್ಕೊಂಡು ನನ್ನ ಹಿಂದೇನೇ ಸ್ಕೂಟರಲ್ಲಿ ಬರ್ತಿದ್ದ. ನೀರು ನೋಡಿ ಆಚೆ ದಡದಲ್ಲೇ ನಿಂತುಬಿಟ್ಟಿದ್ದ. ಎಲ್ಲಾ ಕಣ್ಣಾರೆ ನೋಡವ್ನೆ."

ಹಬೀಬ್ ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಯವನು. ಹಗಲೆಲ್ಲ ಮರದ ಬೊಂಬೆಗಳಿಗೆ ಕಣ್ಣು ಮೂಗು ಬರೆಯುವುದು ಅವನ ಕೆಲಸ. ಮೈಸೂರಿನಲ್ಲಿ ಚಿತ್ರಕಲೆ ಓದಿದ್ದವನಾದ್ದರಿಂದ ಬಿಡುವಾದಾಗ ದೊಡ್ಡ ದೊಡ್ಡ ಚಿತ್ರಗಳನ್ನೂ ಬರೆಯುತ್ತಿದ್ದ. ಈಗ ಮೊದಲ ಸಲ ಅವನ್ನೆಲ್ಲ ಒಂದು ಕಲ್ಯಾಣ ಮಂಟಪದ ಕೆಳಗಿನ ಹಾಲಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ.

ದೊಡ್ಡಲಕ್ಷ್ಮಮ್ಮ ಮಗಳ ಮದುವೆಗೆ ತೆಗೆದ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಹೊರಟಳು. ಮುನಿಶಾಮಯ್ಯನಿಗೂ ಇಸ್ತ್ರಿ ಮಾಡಿದ ಅಂಗಿ ಹಾಕಿಸಿದಳು.

"ನಾನ್ಯಾಕೆ ಕಣೇ? ಚಿತ್ರ ನಿಂದು. ನೀನು ಹೋಗಿ ನೋಡ್ಕಂಡು ಬಾ."

"ಸುಮ್ನೆ ಬಾ. ಹಸ ಎಲ್ಲೂ ಓಡೋಗಲ್ಲ."

ಹಾಲಿನಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ಎದುರು ಗೋಡೆಯಲ್ಲೇ ಬಾಗಿಲಿಗಿಂತ ಅಗಲವಾದ ಆ ಚಿತ್ರ ತೂಗುತ್ತಿತ್ತು. ಕಲಕಿದ ನೀರು, ವಾಲಿದ ಆಟೋ, ಅದರ ಮೇಲೆ ಬೆನ್ನು ತೋರಿಸಿ ಕೂತ ಸಾಬೀರ್. ನಟ್ಟನಡುವೆ ಎದೆಯವರೆಗೆ ನೀರಿನಲ್ಲಿ ನಿಂತು ನೋಡುವವರ ಕಡೆಗೇ ಮುಖ ಮಾಡಿದ ಹೆಂಗಸು. ದೊಡ್ಡಲಕ್ಷ್ಮಮ್ಮ ಚಿತ್ರದ ಮುಂದೆ ನಿಂತು ತನ್ನನ್ನು ತಾನು ನೋಡಿಕೊಂಡಳು. ಅವಳ ಮೊದಲ ಮಾತು ಸೀರೆಯ ಮೇಲೆ ಹೋಯಿತು.

"ಏನಪ್ಪ ಇದು, ಕೆಂಪು ಸೀರೆ ಉಡ್ಸಿದೀಯ? ನಾನವತ್ತು ಉಟ್ಟಿದ್ದು ಹಳೇ ಹಸ್ರು ಸೀರೆ. ತೋಟಕ್ಕೆ ಯಾರಾದ್ರೂ ಕೆಂಪು ಸೀರೆ ಉಟ್ಕಂಡು ಹೋದಾರಾ?"

ಹಬೀಬ್ ತಲೆ ಕೆರೆದುಕೊಂಡ. "ನನಗೆ ಹಾಗೇ ನೆನಪಿದೆ ಅಮ್ಮ. ಕಣ್ಣು ಮುಚ್ಚಿದರೆ ಕೆಂಪೇ ಕಾಣೋದು."

ಅವನು ಬಂದವರನ್ನು ಮಾತಾಡಿಸಲು ಆಚೆ ಹೋದ. ಅಷ್ಟು ಹೊತ್ತಿಗೆ ಅಸ್ರಾ ಒಂದು ಗುಂಪನ್ನು ಕರೆದುಕೊಂಡು ಚಿತ್ರದ ಬಳಿಗೆ ಬಂದಳು. ಅಸ್ರಾ ರಾಮನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಅವಳ ತಂದೆ ರೇಷ್ಮೆ ನೂಲು ತೆಗೆಯುವವರು. ಬಂದ ಜನಕ್ಕೆ ಚಿತ್ರಗಳನ್ನು ಬಿಡಿಸಿ ಹೇಳಬೇಕೆಂದು ಹಬೀಬನೇ ಅವಳನ್ನು ಕೇಳಿಕೊಂಡಿದ್ದ. ಮುಂದೆ ನಿಂತಿರುವ ರೇಷ್ಮೆ ಸೀರೆಯ ಅಮ್ಮನೇ ಚಿತ್ರದೊಳಗಿನ ಹೆಂಗಸು ಎಂದು ಅವಳಿಗೆ ಗೊತ್ತಿರಲಿಲ್ಲ.

"ಈ ಚಿತ್ರದಲ್ಲಿ ಕೆಂಪು ಇರೋದು ಒಂದೇ ಕಡೆ," ಅಸ್ರಾ ಶುರು ಮಾಡಿದಳು. "ಉಳಿದದ್ದೆಲ್ಲ ಮಣ್ಣಿನ ಬಣ್ಣ, ಮೋಡದ ಬಣ್ಣ. ಹಾಗಾಗಿ ನಮ್ಮ ಕಣ್ಣು ಮೊದಲು ಹೋಗೋದು ಈ ತಾಯಿಯ ಹತ್ತಿರ. ಈಗ ಮುಖ ನೋಡಿ. ಬಾಯಿ ಪೂರ್ತಿ ತೆರೆದಿದೆ, ಕತ್ತಿನ ನರ ಉಬ್ಬಿದೆ. ಭಯ ಅನ್ಸುತ್ತೆ ಅಲ್ವಾ? ಆದರೆ ಭಯ ಆದವರ ಹುಬ್ಬು ಮೇಲಕ್ಕೆ ಹೋಗುತ್ತೆ, ಕಣ್ಣು ಅಗಲ ಆಗುತ್ತೆ. ಇವರ ಹುಬ್ಬು ಗಂಟು ಹಾಕಿಕೊಂಡಿದೆ. ಅಂದರೆ ಇದು ಭಯ ಅಲ್ಲ, ಕೋಪ. ಹರಿಯೋ ನೀರಿಗೇ ಎದುರಾಗಿ ನಿಂತು, ಬಾ ನೋಡೋಣ ಅಂತ ಸವಾಲು ಹಾಕ್ತಿದ್ದಾರೆ."

"ನೀರಿಗಲ್ಲ ಕಣವ್ವ," ಅಂದಳು ದೊಡ್ಡಲಕ್ಷ್ಮಮ್ಮ, ಚಿತ್ರದಲ್ಲಿದ್ದ ಸಾಬೀರನ ಕಡೆ ಬೆರಳು ಮಾಡಿ. "ಇವ್ನಿಗೆ ಬೈತಾವ್ನಿ."

ಅಸ್ರಾ ತಿರುಗಿದಳು. ಅಮ್ಮನ ಮುಖ ನೋಡಿದಳು, ಚಿತ್ರದ ಮುಖ ನೋಡಿದಳು, ಮತ್ತೆ ಅಮ್ಮನನ್ನು ನೋಡಿದಳು.

"ಅಯ್ಯೋ! ನೀವೇನಾ?"

"ನಾನೇಯ. ಇವ್ನು ಗೂಡಿನ ಮೂಟೆ ತಬ್ಕಂಡು ಕೂತ್ಬುಟ್ಟಿದ್ದ. ಕೈ ಕೊಡ್ಲಾ ಅಂದ್ರೆ ಕೊಡಾಕಿಲ್ಲ. ಮೂಟೆ ಬುಡ್ಲಾ, ಜೀವ ಹಿಡ್ಕಳ್ಳಾ ಅಂತ ಬಾಯಿಗೆ ಬಂದಂಗೆ ಬೈದೆ."

ಸಾಬೀರ್ ಹಿಂದಿನಿಂದ ಕೈಯೆತ್ತಿದ. "ನಿಜ ಮೇಡಂ. ಅವತ್ತು ಬೈಸ್ಕೊಂಡಷ್ಟು ನಮ್ಮಪ್ಪನ ಹತ್ರಾನೂ ಬೈಸ್ಕೊಂಡಿಲ್ಲ. ಆ ಬೈಗುಳಕ್ಕೇ ಹೆದರಿ ಮೂಟೆ ಬಿಟ್ಟೆ."

ಗುಂಪಿನಲ್ಲಿ ನಗು ಎದ್ದಿತು. ಅಸ್ರಾ ಎಲ್ಲರಿಗಿಂತ ಜಾಸ್ತಿ ನಕ್ಕಳು. ಓಡಿ ಬಂದು ದೊಡ್ಡಲಕ್ಷ್ಮಮ್ಮನ ಎರಡೂ ಕೈ ಹಿಡಿದುಕೊಂಡಳು. "ಕೋಪ ಅಂದಿದ್ದಕ್ಕೆ ಅರ್ಧ ಮಾರ್ಕ್ಸ್ ಆದ್ರೂ ಕೊಡಿ ಅಮ್ಮ!"

"ಪೂರ್ತಿ ತಗಳವ್ವ. ನಮ್ಮೂರಲ್ಲಿ ಎಲ್ರೂ ನಾನು ಅಳ್ತಿದ್ದೆ ಅಂತಾನೇ ಹೇಳ್ತಾರೆ. ಕೋಪ ಅಂತ ಕಂಡ್ಹಿಡಿದೋಳು ನೀನೊಬ್ಳೇ."

"ಹಾಗಾದರೆ ಮುಂದಿನದೂ ಓದ್ತೀನಿ. ತಪ್ಪಿದ್ದರೆ ಹೇಳಿ." ಅಸ್ರಾಳ ಮಾತಿಗೆ ಈಗ ಹುರುಪು ಬಂದಿತ್ತು. "ನೀರಿನ ಮೇಲೆ ತೇಲ್ತಿರೋ ಈ ಬಿಳಿ ಚುಕ್ಕೆಗಳು ಗೂಡು. ಮಲ್ಲಿಗೆ ಮೊಗ್ಗು ಚೆಲ್ಲಿದ ಹಾಗಿವೆ. ಇಷ್ಟು ಭಯಂಕರ ಜಾಗದಲ್ಲಿ ಹಬೀಬ್ ಅಷ್ಟು ಚೆಂದದ ಬಿಳಿ ಯಾಕೆ ಇಟ್ಟ? ನನಗನ್ಸುತ್ತೆ, ನೋಡೋರಿಗೆ ಇದು ಕೆಟ್ಟದಾಗಿ ಮುಗಿಯೋ ಕತೆ ಅಲ್ಲ ಅಂತ ಮೊದಲೇ ಹೇಳೋಕೆ. ಈಗ ಹಗ್ಗ ನೋಡಿ. ಕೆಂಪು ಸೀರೆಗೆ ಬಂದ ಕಣ್ಣನ್ನು ಈ ಹಗ್ಗ ಹಿಂದಕ್ಕೆ ಕರ್ಕೊಂಡು ಹೋಗುತ್ತೆ. ದಡದವರೆಗೆ, ಮರದವರೆಗೆ, ಆಮೇಲೆ..."

"ಆಮೇಲೇನಿಲ್ಲ. ಮರಕ್ಕೆ ಕಟ್ಟಿದ್ದೆ."

"ಮರಕ್ಕೆ ಕಟ್ಟಿದ್ದರೆ ಹಗ್ಗ ಅಲ್ಲಿಗೆ ಮುಗೀಬೇಕಿತ್ತು ಅಮ್ಮ. ಹತ್ತಿರ ಬನ್ನಿ. ಮರ ದಾಟಿ ಹೋಗಿದೆ ನೋಡಿ."

ದೊಡ್ಡಲಕ್ಷ್ಮಮ್ಮ ಹತ್ತಿರ ಹೋಗಿ ಬಗ್ಗಿದಳು. ಹೊಂಗೆ ಮರದ ಕೆಳಗೆ ದಟ್ಟವಾದ ನೆರಳಿತ್ತು. ಅಷ್ಟು ಹೊತ್ತು ಅವಳು ಪೊದೆ ಅಂದುಕೊಂಡಿದ್ದು ಪೊದೆಯಲ್ಲ, ಮನುಷ್ಯ. ನೆಲದ ಮೇಲೆ ಕೂತು ಎರಡೂ ಪಾದಗಳನ್ನು ಒಂದು ಬಂಡೆಗೆ ಒತ್ತಿ, ಹಗ್ಗವನ್ನು ಬೆನ್ನಿನ ಸುತ್ತ ಹಾಕಿಕೊಂಡು, ಎರಡೂ ಕೈಯಲ್ಲಿ ಬಿಗಿಹಿಡಿದು ಹಿಂದಕ್ಕೆ ಮಲಗಿದಂತೆ ವಾಲಿದ್ದ. ತಲೆ ಬಗ್ಗಿತ್ತು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಈ ಚಿತ್ರದಲ್ಲಿ ಎಲ್ಲವೂ ಎಡಕ್ಕೆ ಹೋಗ್ತಿದೆ," ಅಂದಳು ಅಸ್ರಾ. "ನೀರು, ಆಟೋ, ಹುಲ್ಲು, ಮರದ ಕೊಂಬೆ, ನಿಮ್ಮ ಸೆರಗು ಕೂಡ. ಬಲಕ್ಕೆ ವಾಲಿರೋನು ಈ ಮನುಷ್ಯ ಒಬ್ಬನೇ. ಇವನ ಮೇಲೆ ಕೈ ಅಡ್ಡ ಇಟ್ಟು ನೋಡಿ, ಇಡೀ ಚಿತ್ರ ಕೊಚ್ಚಿಕೊಂಡು ಹೋದ ಹಾಗೆ ಕಾಣುತ್ತೆ. ಕೈ ತೆಗೀರಿ, ನಿಲ್ಲುತ್ತೆ. ನಿಮ್ಮ ಶಕ್ತಿ ಬೆಳಕಿನಲ್ಲಿದೆ. ಅದಕ್ಕೆ ಆಧಾರವಾದ ಶಕ್ತಿ ನೆರಳಿನಲ್ಲಿದೆ."

ದೊಡ್ಡಲಕ್ಷ್ಮಮ್ಮ ಅಂಗೈ ಅಡ್ಡ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು.

"ಹಬೀಬಪ್ಪ!" ಅಂತ ಹಾಲಿನ ಆ ತುದಿಗೆ ಕೇಳುವಂತೆ ಕೂಗಿದಳು. ಅವನು ಓಡಿ ಬಂದ. "ಇದು ನೀನು ಕಂಡಿದ್ದಾ, ಕಟ್ಟಿದ್ದಾ? ಇಲ್ಲಿ ಕೂತಿರೋನು ಯಾರು?"

ಹಬೀಬನಿಗೆ ಆಶ್ಚರ್ಯವಾಯಿತು. "ಅಮ್ಮ, ಅದು ನಿಮ್ಮ ಯಜಮಾನರಲ್ವಾ? ನೀವು ನೀರಿನ ಮಧ್ಯಕ್ಕೆ ಬರೋ ಹೊತ್ತಿಗೆ ಮರದ ಹತ್ರ ಗಂಟು ಬಿಚ್ಚಿಕೊಳ್ತು. ಹಗ್ಗ ಜರೀತಾ ಇತ್ತು. ಇವರು ಹಾರಿ ಬಿದ್ದು ಹಿಡಿದರು. ಆಚೆ ದಡದಲ್ಲಿ ನಾನು ಕೂಗಿಕೊಂಡೆ, ನೀರಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ಊರಿಗೆಲ್ಲ ಗೊತ್ತಿರುತ್ತೆ ಅಂದುಕೊಂಡಿದ್ದೆ."

ಊರಿಗೆ ಗೊತ್ತಿರಲಿಲ್ಲ. ಸಾಬೀರನಿಗೂ ಗೊತ್ತಿರಲಿಲ್ಲ, ಅವನ ಕಣ್ಣು ಮೂಗೆಲ್ಲ ಕೆಸರು ತುಂಬಿತ್ತು. ದೊಡ್ಡಲಕ್ಷ್ಮಮ್ಮ ಹೋಗುವಾಗ ಆಟೋ ನೋಡಿದ್ದಳು, ಬರುವಾಗ ಕಾಲ ಕೆಳಗಿನ ಕಲ್ಲು ನೋಡಿದ್ದಳು. ದಡ ಹತ್ತಿದ ಮೇಲೆ ಅವಳ ಸುತ್ತ ಜನ.

ಅವಳು ತಿರುಗಿ ಗಂಡನಿಗಾಗಿ ಹುಡುಕಿದಳು. ಮುನಿಶಾಮಯ್ಯ ಹಾಲಿನ ಮೂಲೆಯಲ್ಲಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬೊಂಬೆ ಕುದುರೆಗಳ ಚಿತ್ರವೊಂದನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

"ಏನಯ್ಯ, ಬಾ ಇಲ್ಲಿ."

ಬಂದ.

"ಇದು ನೀನಾ?"

ಅವನು ಚಿತ್ರವನ್ನು ನೋಡಿ, "ನನ್ನಂಗೇ ಐತೆ," ಅಂದ.

"ನನ್ ಗಂಟು ಬಿಚ್ಕತ್ತಾ?"

"ನೀನು ಹಾಕಿದ್ದ ಗಂಟು ಹಸ ಕಟ್ಟಕ್ಕೆ ಸರಿ ಕಣೇ. ಹಳ್ಳಕ್ಕೆ ಸಾಲ್ದು."

ದೊಡ್ಡಲಕ್ಷ್ಮಮ್ಮ ಅವನ ಬಲಗೈ ಎಳೆದು ಅಂಗೈ ಮೇಲೆ ಮಾಡಿದಳು. ಅಡ್ಡಕ್ಕೆ ಒಂದು ನುಣುಪಾದ ಬಿಳಿ ಗಾಯದ ಗುರುತು. ಅವತ್ತು ರಾತ್ರಿ ಅದಕ್ಕೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದವಳು ಅವಳೇ.

"ಕೈ ಏನಾಯ್ತು ಅಂದ್ರೆ ಹಗ್ಗ ಉಜ್ತು ಅಂದೆ. ಹಸ ಎಳ್ಕಂಡು ಹೋಗಿರ್ಬೇಕು ಅಂದ್ಕಂಡೆ." ಅವಳ ಮುಖದಲ್ಲಿ ಏನೋ ಹೊಳೆದದ್ದು ಸುತ್ತ ನಿಂತವರಿಗೆಲ್ಲ ಕಂಡಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಹಸದ ಕತ್ತಲ್ಲಿ ಹಗ್ಗ ಎಲ್ಲಿತ್ತು? ಬಿಚ್ಕಂಡಿದ್ದೋಳು ನಾನೇ ಅಲ್ವಾ! ಹಗ್ಗ ನನ್ನ ಸೊಂಟದಲ್ಲಿತ್ತು!"

"ಹೂಂ."

"ಹೂಂ ಅಂತೀಯಲ್ಲ, ಮೂರು ವರ್ಷ ಯಾಕಯ್ಯ ಹೇಳ್ನಿಲ್ಲ?"

"ಹೇಳ್ದೆ. ಅವತ್ತು ಸಾಯಂಕಾಲಾನೇ ಹೇಳ್ದೆ. ನಾನೂ ಹಗ್ಗ ಹಿಡ್ಕಂಡಿದ್ದೆ ಅಂತ. ಹಗ್ಗ ಹಿಡಿದಿದ್ದು ಮರ, ನೀನು ಹಿಡಿದಿದ್ದು ಹಸ ಅಂದ್ಬುಟ್ಟೆ."

"ಇನ್ನೊಂದ್ಸಲ ಹೇಳ್ಬೇಕಿತ್ತು!"

"ಎಲ್ರೂ ನಗ್ತಿದ್ರು. ನಂಗೂ ನಗ ಬಂತು. ನಿನ್ನ ಕತೆ ಚೆನ್ನಾಗೈತೆ ಕಣೇ, ನಡುವೆ ಬಾಯಿ ಹಾಕಿ ಕೆಡಿಸೋದ್ಯಾಕೆ ಅಂತ ಸುಮ್ನಾದೆ."

ದೊಡ್ಡಲಕ್ಷ್ಮಮ್ಮ ಅವನ ಅಂಗೈಯನ್ನು ಬಿಡದೆ ಹಿಡಿದುಕೊಂಡು ಚಿತ್ರವನ್ನೂ ಅವನನ್ನೂ ಮತ್ತೆ ಮತ್ತೆ ನೋಡಿದಳು. ಸಾಬೀರ್ ಜನರ ನಡುವಿನಿಂದ ನುಗ್ಗಿ ಬಂದು ಮುನಿಶಾಮಯ್ಯನನ್ನು ಬಾಚಿ ತಬ್ಬಿಕೊಂಡ.

"ಯಜಮಾನ್ರೇ, ಇಷ್ಟು ದಿನ ಒಬ್ಬರಿಗೇ ಸಲಾಂ ಹೇಳ್ಕೊಂಡು ತಿರುಗ್ತಿದ್ದೆನಲ್ಲ!"

"ಇರ್ಲಿ ಬುಡಪ್ಪ. ಒಬ್ಬಟ್ಟು ತಿನ್ನುವಾಗ ನಾನೂ ಪಕ್ಕದಲ್ಲೇ ಕೂತಿದ್ನಲ್ಲ," ಅಂದ ಮುನಿಶಾಮಯ್ಯ.

ದೊಡ್ಡಲಕ್ಷ್ಮಮ್ಮ ಹಬೀಬನ ಕಡೆ ತಿರುಗಿದಳು. "ನೋಡಪ್ಪ, ಒಂದು ಕೆಲ್ಸ ಮಾಡು. ಇವ್ರ ಮಖಕ್ಕೆ ಒಸಿ ಬಿಸ್ಲು ಹಾಕು. ಮೀಸೆ ಕಾಣಂಗೆ. ನೋಡಿದೋರಿಗೆ ಗುರುತು ಸಿಗ್ಬೇಕು."

ಹಬೀಬ್ ಅಸ್ರಾಳ ಮುಖ ನೋಡಿದ. ಅಸ್ರಾ ಮೆಲ್ಲಗೆ ಹೇಳಿದಳು, "ಅಮ್ಮ, ಬೆಳಕು ಹಾಕಿದರೆ ಎಲ್ಲರೂ ಒಂದೇ ಸಲಕ್ಕೆ ನೋಡಿ ಮುಂದಕ್ಕೆ ಹೋಗಿಬಿಡ್ತಾರೆ. ಈಗ ಹುಡುಕಬೇಕು. ಹುಡುಕಿ ಸಿಕ್ಕಾಗ, ನಿಮಗೆ ಈಗ ಆಯ್ತಲ್ಲ, ಅದು ಎಲ್ಲರಿಗೂ ಆಗುತ್ತೆ."

"ನೆಳ್ಳಲ್ಲೇ ಇರ್ಲಿ ಕಣಪ್ಪ," ಅಂದ ಮುನಿಶಾಮಯ್ಯ. "ಅವತ್ತು ಬಿಸ್ಲೂ ಇರ್ನಿಲ್ಲ."

"ನೀನು ಸುಮ್ನಿರು. ಸುಮ್ನಿರಬೇಡ ಅಂದಾಗ ಸುಮ್ನಿರ್ತೀಯ, ಈಗ ಮಾತಾಡ್ತೀಯ!"

ವಾದ ಬಹಳ ಹೊತ್ತು ನಡೆಯಿತು. ನೋಡಲು ಬಂದವರೂ ಸೇರಿಕೊಂಡರು. ಒಬ್ಬರು ಬೆಳಕು ಬೇಕು ಅಂದರು, ಒಬ್ಬರು ಬೇಡ ಅಂದರು. ಕೊನೆಗೆ ದೊಡ್ಡಲಕ್ಷ್ಮಮ್ಮ ತಾನೇ ಚಿತ್ರದ ಪಕ್ಕ ನಿಂತು, ಬಂದವರಿಗೆಲ್ಲ ಬೆರಳಿಟ್ಟು ತೋರಿಸಲು ಶುರು ಮಾಡಿದಳು. "ಸೀರೆ ಆಮೇಕ್ ನೋಡೀರಂತೆ. ಮೊದ್ಲು ಇಲ್ಲಿ ನೋಡಿ, ಮರದ ಕೆಳಗೆ. ಇಲ್ಲೊಬ್ರು ಅವ್ರೆ." ಹಬೀಬ್ ನಕ್ಕು, ಕುಂಚ ಹಿಡಿಯುವ ತೊಂದರೆ ತಪ್ಪಿತು ಅಂದುಕೊಂಡ.

ಊರಿಗೆ ಬಂದ ಮೇಲೆ ಕೆಲವು ದಿನ ದೊಡ್ಡಲಕ್ಷ್ಮಮ್ಮನ ಕತೆ ದಾರಿ ತಪ್ಪಿತು. ಡೈರಿಗೆ ಹೊಸದಾಗಿ ಬಂದ ಟ್ಯಾಂಕರ್ ಡ್ರೈವರಿಗೆ ಹೇಳು ಅಂತ ಜಯಕುಮಾರ ಹುರಿದುಂಬಿಸಿದರೆ, ಹಸುವಿನ ಜಾಗಕ್ಕೆ ಬಂದವಳೇ ತಡವರಿಸಿ ನಿಂತಳು. "ನಿಲ್ಲಪ್ಪ, ಇಲ್ಲಿ ಒಸಿ ರಿಪೇರಿ ಐತೆ," ಅಂದಳು. ಆಮೇಲೆ ರಿಪೇರಿ ಜೋರಾಗಿಯೇ ಆಯಿತು. ಹೊಸ ಕತೆಯಲ್ಲಿ ಹೊಂಗೆ ಮರ ಬೇರು ಸಮೇತ ಕಿತ್ತು ಬಂದು, ಮುನಿಶಾಮಯ್ಯ ಒಂದು ಕೈಯಲ್ಲಿ ಮರವನ್ನೂ ಇನ್ನೊಂದು ಕೈಯಲ್ಲಿ ಹಗ್ಗವನ್ನೂ ಹಿಡಿದಿದ್ದ.

"ಮರ ಬೀಳ್ನಿಲ್ಲ ಕಣೇ, ಇವತ್ತಿಗೂ ಅಲ್ಲೇ ಐತೆ," ಅಂತ ಮುನಿಶಾಮಯ್ಯ ಮೊದಲ ಸಲ ನಡುವೆ ಬಾಯಿ ಹಾಕಿದ.

"ನೋಡಿದ್ರಾ, ಈಗ ಬಾಯಿ ಬಂತು ಇವ್ರಿಗೆ!" ಅಂದಳು ಅವಳು. ಜನ ಮುಂಚಿನದಕ್ಕಿಂತ ಜಾಸ್ತಿ ನಕ್ಕರು.

ಶಾಲೆ ಶುರುವಾದ ಮೇಲೆ ಅಸ್ರಾ ಫೋನ್ ಮಾಡಿದಳು. ತನ್ನ ಶಾಲೆಯ ಮಕ್ಕಳಿಗೆ ಆ ಚಿತ್ರ ತೋರಿಸಬೇಕು, ನೀವಿಬ್ಬರೂ ಬರಲೇಬೇಕು ಅಂದಳು. ಸಾಬೀರ್ ಲಗೇಜ್ ಆಟೋದಲ್ಲಿ ಚಿತ್ರವನ್ನೂ ಹಬೀಬನನ್ನೂ ಹತ್ತಿಸಿಕೊಂಡು ರಾಮನಗರಕ್ಕೆ ತಂದ. ಗಂಡ ಹೆಂಡತಿ ಬಸ್ಸಿನಲ್ಲಿ ಹೋದರು. ಎಂಟನೇ ಕ್ಲಾಸಿನ ಕೊಠಡಿಯಲ್ಲಿ ಕರಿಹಲಗೆಗೆ ಒರಗಿಸಿ ಚಿತ್ರ ನಿಲ್ಲಿಸಿದ್ದರು. ರಾಮನಗರದ ಮಕ್ಕಳು, ಕೈಲಾಂಚದ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು, ಎಲ್ಲ ಒತ್ತೊತ್ತಾಗಿ ಕೂತಿದ್ದರು.

ಮೊದಲು ದೊಡ್ಡಲಕ್ಷ್ಮಮ್ಮ ಕತೆ ಹೇಳಿದಳು. ಮರ ಬೀಳಿಸಲಿಲ್ಲ, ಟೀಚರ್ ಮುಂದೆ ಸುಳ್ಳು ಯಾಕೆ ಅಂತ. ಆದರೂ ಸಾಬೀರನಿಗೆ ಬೈದದ್ದನ್ನು ಅಭಿನಯಿಸಿ ತೋರಿಸಿದಾಗ ಮಕ್ಕಳು ಬೆಂಚು ಗುದ್ದಿ ನಕ್ಕರು. ಗಂಟಲು ಒಣಗಿ, ನೀರು ಕುಡಿಯಲು ಹಿಂದಿನ ಬೆಂಚಿಗೆ ಹೋಗಿ ಹುಡುಗಿಯರ ನಡುವೆ ಕೂತಳು.

"ಈಗ ನೀವು ಚಿತ್ರ ಓದಿ," ಅಂದಳು ಅಸ್ರಾ ಮಕ್ಕಳಿಗೆ. "ಏನು ಕಾಣುತ್ತೋ ಹೇಳಿ. ತಪ್ಪಾದ್ರೂ ಪರವಾಗಿಲ್ಲ."

ಒಬ್ಬನಿಗೆ ನೀರು ಆನೆಗಳ ಹಿಂಡಿನ ಹಾಗೆ ಕಂಡಿತು. ಇನ್ನೊಬ್ಬಳು, ಅಜ್ಜಿಯ ಸೀರೆ ಕೆಂಪು ಸಿಗ್ನಲ್ ಇದ್ದ ಹಾಗಿದೆ, ನೀರಿಗೆ ನಿಲ್ಲು ಅಂತ ಹೇಳ್ತಿದೆ ಅಂದಳು. ಅದನ್ನು ಕೇಳಿ ಹಬೀಬ್ ಖುಷಿಯಿಂದ ಚಪ್ಪಾಳೆ ತಟ್ಟಿದ. ಆಮೇಲೆ ಮುಂದಿನ ಸಾಲಿನ ನಾಹಿದಾ ಎಂಬ ಹುಡುಗಿ ಎದ್ದು ನಿಂತಳು.

"ಮಿಸ್, ಆಟೋ ಮೇಲಿರೋರು ಅಜ್ಜೀನೇ ನೋಡ್ತಿದ್ದಾರೆ. ತಾತ ಮಾತ್ರ ತಲೆ ಬಗ್ಗಿಸಿದ್ದಾರೆ. ಅವರಿಗೆ ನೋಡೋಕೆ ಹೆದರಿಕೆ ಆಗಿತ್ತು ಅನ್ಸುತ್ತೆ."

ಅಸ್ರಾ ಮುನಿಶಾಮಯ್ಯನ ಕಡೆ ತಿರುಗಿದಳು. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ತಲೆ ಆಡಿಸಿ ಸುಮ್ಮನಾಗುತ್ತಾನೆ ಅಂತ ದೊಡ್ಡಲಕ್ಷ್ಮಮ್ಮ ಅಂದುಕೊಂಡಳು. ಅವನು ಎದ್ದು, ಪಂಚೆ ಸರಿಮಾಡಿಕೊಂಡು, ಚಿತ್ರದ ಪಕ್ಕಕ್ಕೆ ಬಂದು ನಿಂತ.

"ಮಗಾ ಸರಿಯಾಗಿ ಹೇಳ್ತು," ಅಂದ. "ಹೆದ್ರಿಕೆ ಆಗಿತ್ತು. ಇವ್ಳಿಗೆ ಈಜು ಬರಾಕಿಲ್ಲ. ನಂಗೊತ್ತು, ನೀರಿಗೆ ಗೊತ್ತಿಲ್ಲ. ತಲೆ ಎತ್ತಿ ನೋಡಿದ್ರೆ ಕೈ ಸಡ್ಲ ಆದೀತು ಅಂತ ನೋಡ್ನಿಲ್ಲ. ಆದ್ರೆ ಕೇಳುಸ್ತಿತ್ತು. ಇವ್ಳು ಬೈತಿದ್ಲಲ್ಲ, ಅದು ಕೇಳುಸ್ತಿತ್ತು. ಬೈಗುಳ ಕೇಳೋವರ್ಗೂ ಬದುಕವ್ಳೆ ಅಂತ ಲೆಕ್ಕ. ಒಂದೆರಡು ಸಲ ನಿಂತೋಯ್ತು. ಅವಾಗ ನನ್ ಜೀವ ನಿಂತಂಗಾಯ್ತು. ಬೈಯೇ, ಬೈಯೇ ಅಂತ ಒಳಗೇ ಅಂದ್ಕಂತಿದ್ದೆ."

ಅಷ್ಟು ಉದ್ದದ ಮಾತನ್ನು ದೊಡ್ಡಲಕ್ಷ್ಮಮ್ಮ ಮದುವೆಯಾದಂದಿನಿಂದ ಅವನ ಬಾಯಲ್ಲಿ ಕೇಳಿರಲಿಲ್ಲ. ನೀರಿನ ಲೋಟ ಅವಳ ಕೈಯಲ್ಲೇ ಉಳಿಯಿತು.

"ಆಮೇಲೆ ಹಸು ಹುಡುಕೋಕೆ ಹೋದ್ರಾ ತಾತ?" ನಾಹಿದಾ ಕೇಳಿದಳು.

ಮುನಿಶಾಮಯ್ಯ ನೆಲ ನೋಡಿ, ಮೀಸೆ ತೀಡಿಕೊಂಡ.

"ಹುಡುಕೋದೇನೈತೆ ಮಗ, ಹಸ ಎದ್ರಿಗೇ ಮೇಯ್ತಾ ನಿಂತಿತ್ತು. ಇವ್ಳು ದಡ ಹತ್ತಿದ್ಲು. ಕಣ್ಣಲ್ಲಿ ನೀರು ಸುರಿಯಕ್ಕೆ ಶುರುವಾಯ್ತು ನಂಗೆ. ಊರೋರೆಲ್ಲ ಓಡಿ ಬತ್ತಾವ್ರೆ. ನೋಡ್ಬುಡ್ತಾರಲ್ಲ ಅಂತ ರಾಗಿ ಹೊಲದೊಳಕ್ಕೆ ಹೋಗಿ ಕೂತ್ಕಂಡೆ. ಹಸನೂ ಬಂದು ಪಕ್ಕದಲ್ಲಿ ನಿಂತ್ಕತ್ತು. ಇಬ್ರೂ ಕೂತು ಸುಧಾರಿಸ್ಕಂಡು ಬಂದೊ."

"ಸಂಕಟಕ್ಕೆ ಅತ್ತಿದ್ದಾ ತಾತ?"

"ಊಹೂಂ. ಖುಷಿಗೆ ಕಣವ್ವ. ಅಷ್ಟು ಖುಷಿ ನಂಗೆ ಮಕ್ಳು ಹುಟ್ಟಿದಾಗ್ಲೂ ಆಗಿರ್ನಿಲ್ಲ."

ಮಕ್ಕಳೆಲ್ಲ ಒಟ್ಟಿಗೆ ಹಿಂದಿನ ಬೆಂಚಿನ ಕಡೆ ತಿರುಗಿದರು. ದೊಡ್ಡಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಭುಜ ಅಲ್ಲಾಡುತ್ತಿತ್ತು, ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿದ್ದ ಹುಡುಗಿ ಬಗ್ಗಿ ಅವಳ ಹುಬ್ಬು ನೋಡಿದಳು, ಕಣ್ಣು ನೋಡಿದಳು. ಏನೂ ಗೊತ್ತಾಗಲಿಲ್ಲ.

"ಅಜ್ಜಿ, ನೀವು ಅಳ್ತಿದ್ದೀರಾ, ನಗ್ತಿದ್ದೀರಾ?"

ದೊಡ್ಡಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಮ್ಮ ಮಿಸ್ಸನ್ನೇ ಕೇಳವ್ವ. ಮಖ ನೋಡಿ ಹೇಳೋದು ಅವ್ರ ಕೆಲ್ಸ."

ಅಸ್ರಾ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಅವಳಿಗೇ ನಗು ತಡೆಯಲಾಗದೆ ಮೇಜು ಹಿಡಿದುಕೊಂಡಳು. ಇಡೀ ಕ್ಲಾಸು ಗೊಳ್ಳೆಂದಿತು. ಪಕ್ಕದ ಕೊಠಡಿಯ ಮೇಷ್ಟರು, ಏನಾಯಿತೋ ಅಂತ ಬಾಗಿಲಿಗೆ ಬಂದು ಇಣುಕಿದರು.